ಡರ್ಟ್ ಬೈಕ್ ಓಡಿಸುವವರು ಎದೆಗೆ ಗಾರ್ಡ್ ಹಾಕಲೇಬೇಕೇ?



ಈ ವಾರದ ವಿಷಯ ನಮ್ಮ ಗುಂಪಿಗೆ ಸ್ವಲ್ಪ ಹೊಸದು. ಬಿ.ಪಿ., ಶುಗರ್, ಮಂಡಿನೋವು ಓದಿ ಅಭ್ಯಾಸವಾದವರು "ಮೋಟೋಕ್ರಾಸ್ ನಮಗೇಕಪ್ಪಾ?" ಅನ್ನಬಹುದು. ಪುಣೆಯ ಓದುಗರೊಬ್ಬರು ಕಳಿಸಿದ ಪ್ರಶ್ನೆ ನೋಡಿ.

"ನನ್ನ ಮಗನಿಗೆ ಹದಿನಾಲ್ಕು. ಭಾನುವಾರ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ತರಬೇತಿಗೆ ಹೋಗುತ್ತಾನೆ. ಹೆಲ್ಮೆಟ್, ಬೂಟು, ನೀ ಗಾರ್ಡ್ ಎಲ್ಲ ಹಾಕುತ್ತಾನೆ. ಎದೆಗೆ ಹಾಕುವುದೊಂದು ಮಾತ್ರ ಬೇಡ ಅನ್ನುತ್ತಾನೆ. ಸೆಕೆ, ಉಸಿರು ಕಟ್ಟುತ್ತೆ ಅಂತ. ಒತ್ತಾಯ ಮಾಡಬೇಕೇ?"

ಒಂದೇ ಮಾತಿನ ಉತ್ತರ: ಮಾಡಬೇಕು. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಉತ್ತರ ಕೊಟ್ಟಂತೆ. ಗಾರ್ಡ್ ಅಂತ ಅಂಗಡಿಯಲ್ಲಿ ಕೊಡುವುದೆಲ್ಲ ಒಂದೇ ಕೆಲಸ ಮಾಡುವುದಿಲ್ಲ. ಒಳ್ಳೆಯ ಗಾರ್ಡ್ ಕೂಡ ಹೊಟ್ಟೆಯನ್ನು ಕಾಯುವುದಿಲ್ಲ. "ಗಾರ್ಡ್ ಹಾಕಿದ್ದನಲ್ಲ, ಏನೂ ಆಗಿರಲ್ಲ" ಎಂದು ಬಿದ್ದ ಹುಡುಗನನ್ನು ಮನೆಗೆ ಕರೆದುಕೊಂಡು ಬಂದು ಮಲಗಿಸುವುದು ಎಲ್ಲಕ್ಕಿಂತ ಅಪಾಯ. ಆದ್ದರಿಂದ ಸ್ವಲ್ಪ ಉದ್ದವಾದರೂ ಪೂರ್ತಿ ಓದಿ.

*ಇದು ಈಗ ದೂರದ ಆಟವಲ್ಲ*

ಮೋಟೋಕ್ರಾಸ್ ಅಂದರೆ ಮಣ್ಣು ದಿಬ್ಬ, ಹಳ್ಳ, ತಿರುವುಗಳ ಮೇಲೆ ಬೈಕ್ ಹಾರಿಸುವ ಸ್ಪರ್ಧೆ. ಅದನ್ನೇ ಕ್ರೀಡಾಂಗಣದ ಒಳಗೆ ಮಣ್ಣು ಸುರಿದು ಮಾಡಿದರೆ ಸೂಪರ್‌ಕ್ರಾಸ್. ಪುಣೆಗೆ ಇದು ಹಳೆಯ ಹುಚ್ಚು. 2024ರಲ್ಲಿ ಇಂಡಿಯನ್ ಸೂಪರ್‌ಕ್ರಾಸ್ ರೇಸಿಂಗ್ ಲೀಗ್ ಶುರುವಾದಾಗ ಮೊದಲ ಸುತ್ತು ನಡೆದದ್ದೂ ಪುಣೆಯಲ್ಲೇ; ಆಮೇಲೆ ಅಹಮದಾಬಾದ್, ಬೆಂಗಳೂರು. ಕೋಲಾರದ ಹತ್ತಿರ ನಮ್ಮವರೇ ಆದ ಸಿ.ಎಸ್. ಸಂತೋಷ್ ಕಟ್ಟಿದ ಡರ್ಟ್ ಪಾರ್ಕ್ ಇದೆ. ದುಡ್ಡು ಕೊಟ್ಟರೆ ಬೈಕು, ಗೇರ್, ಕಲಿಸುವವರು ಎಲ್ಲ ಸಿಗುವ ಜಾಗಗಳು ದೊಡ್ಡ ಊರುಗಳ ಸುತ್ತ ಈಗ ಹೆಚ್ಚುತ್ತಿವೆ. ನಿಮ್ಮ ಮನೆಯಲ್ಲಿ ಇಲ್ಲದಿದ್ದರೂ ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬನಾದರೂ ಈ ಹುಡುಗ ಇದ್ದಾನೆ. ಹುಡುಗಿಯೂ ಇರಬಹುದು.

*ಒಂದೇ ಹೆಸರು, ಎರಡು ವಸ್ತು*

ಗೊಂದಲ ಶುರುವಾಗುವುದು ಇಲ್ಲೇ. ಮುಂದೆ ಹೋಗುವ ಬೈಕಿನ ಹಿಂದಿನ ಚಕ್ರ ಕಲ್ಲು, ಮಣ್ಣಿನ ಹೆಂಟೆಗಳನ್ನು ಬಂದೂಕಿನ ಗುಂಡಿನ ಹಾಗೆ ಹಿಂದಕ್ಕೆ ಎಸೆಯುತ್ತದೆ. ಸವಾರರು ಇದನ್ನು ರೂಸ್ಟ್ ಅನ್ನುತ್ತಾರೆ. ಇದರಿಂದ ಕಾಯಲು ಇರುವುದು ರೂಸ್ಟ್ ಗಾರ್ಡ್: ಗಟ್ಟಿ ಪ್ಲಾಸ್ಟಿಕ್ ಚಿಪ್ಪು, ಒಳಗೆ ತೆಳು ಫೋಮ್. ಯುರೋಪಿನ ಮಾನಕದಲ್ಲಿ ಇದರ ಸಂಖ್ಯೆ ಇಎನ್ 14021. ಕಲ್ಲಿನೇಟಿಗೆ ಇದು ಸಾಕು. ಬೈಕಿನ ಹ್ಯಾಂಡಲ್ ಎದೆಗೆ ಗುದ್ದಿದರೆ ಅಥವಾ ಹಿಂದಿನಿಂದ ಬಂದವನ ಬೈಕು ಮೇಲೆ ಹತ್ತಿದರೆ ಆ ತೆಳು ಫೋಮ್ ಹೆಚ್ಚೇನೂ ಮಾಡುವುದಿಲ್ಲ.

ಇನ್ನೊಂದು, ಪೆಟ್ಟನ್ನು ಹೀರಿಕೊಳ್ಳುವ ಗಾರ್ಡ್. ಎದೆಗೆ ಇಎನ್ 1621-3, ಬೆನ್ನಿಗೆ ಇಎನ್ 1621-2, ಭುಜ ಮತ್ತು ಮೊಣಕೈಗೆ ಇಎನ್ 1621-1. ಇದರೊಳಗಿನ ದಪ್ಪ ಫೋಮ್ ಸಾಮಾನ್ಯವಾಗಿ ಮೆತ್ತಗಿದ್ದು, ಪೆಟ್ಟು ಬಿದ್ದ ಕ್ಷಣ ಬಲವನ್ನು ಅಗಲಕ್ಕೆ ಹರಡಿ ಕಡಿಮೆ ಮಾಡುತ್ತದೆ.

ಹೊರಗಿನಿಂದ ನೋಡಿದರೆ ಎರಡೂ ಒಂದೇ ತರಹ. ಅಷ್ಟೇ ಅಲ್ಲ, ಅಗ್ಗದ ರೂಸ್ಟ್ ಗಾರ್ಡೇ ನೋಡಲು ಹೆಚ್ಚು ಗಟ್ಟಿಮುಟ್ಟಾಗಿ, ಸಿನಿಮಾ ರೋಬೋ ಹಾಗೆ ಕಾಣುತ್ತದೆ! ಆದ್ದರಿಂದ ಕೊಳ್ಳುವಾಗ ಒಳಗಿನ ಲೇಬಲ್ ತಿರುಗಿಸಿ ನೋಡಿ. ಬರೀ ಸಿಇ ಗುರುತು ಇದ್ದರೆ ಸಾಲದು, ಆ ಸಂಖ್ಯೆ ಇರಬೇಕು. ಪಕ್ಕದಲ್ಲಿ ಲೆವೆಲ್ 1 ಅಥವಾ ಲೆವೆಲ್ 2 ಎಂದಿರುತ್ತದೆ. ಬೆನ್ನಿನ ಗಾರ್ಡಿನಲ್ಲಿ ಎಫ್‌ಬಿ ಅಂದರೆ ಪೂರ್ತಿ ಬೆನ್ನು, ಸಿಬಿ ಅಂದರೆ ನಡುಭಾಗ, ಎಲ್‌ಬಿ ಅಂದರೆ ಸೊಂಟ ಮಾತ್ರ. ಆನ್‌ಲೈನಿನಲ್ಲಿ ಒಂದೆರಡು ಸಾವಿರಕ್ಕೆ ಸಿಗುವ "ಫುಲ್ ಬಾಡಿ ಆರ್ಮರ್ ಜಾಕೆಟ್" ಚಿತ್ರದಲ್ಲಿ ಈ ಸಂಖ್ಯೆ ಕಾಣದಿದ್ದರೆ ಮಾರುವವರನ್ನು ಕೇಳಿ. ಉತ್ತರ ಬರದಿದ್ದರೆ ಬಿಟ್ಟುಬಿಡಿ.

*ಎಷ್ಟು ಪೆಟ್ಟು ತಡೆಯುತ್ತದೆ?*

ಬೆನ್ನಿನ ಗಾರ್ಡಿನ ಪರೀಕ್ಷೆ ನೋಡಿದರೆ ಅಂದಾಜು ಸಿಗುತ್ತದೆ. ಪ್ರಯೋಗಾಲಯದಲ್ಲಿ 5 ಕೆಜಿ ತೂಕದ ಲೋಹದ ತುಂಡನ್ನು ಸುಮಾರು 1 ಮೀಟರ್ ಎತ್ತರದಿಂದ ಅದರ ಮೇಲೆ ಬಿಡುತ್ತಾರೆ. ಇದು 50 ಜೂಲ್ ಶಕ್ತಿ. ಒಳಗೆ ದಾಟಿದ ಬಲ ಸರಾಸರಿ 18 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 9 ಮೀರದಿದ್ದರೆ ಲೆವೆಲ್ 2. ಅಂದರೆ ಲೆವೆಲ್ 2ರಲ್ಲಿ ಒಳಗೆ ಹೋಗುವ ಪೆಟ್ಟು ಅರ್ಧ.

ಈಗ ಇನ್ನೊಂದು ಲೆಕ್ಕ. 70 ಕೆಜಿಯ ಸವಾರ 2 ಮೀಟರ್ ಎತ್ತರದಿಂದ ಬಿದ್ದರೆ ಸುಮಾರು 1,400 ಜೂಲ್. ಜೊತೆಗೆ ಬೈಕಿನ ವೇಗ. 450 ಸಿಸಿ ಮೋಟೋಕ್ರಾಸ್ ಬೈಕಿನ ತೂಕವೇ 100 ಕೆಜಿ ದಾಟುತ್ತದೆ, ಅದು ಮೇಲೆ ಬಿದ್ದರೆ ಬೇರೆ. ಈ ಶಕ್ತಿಯೆಲ್ಲ ಒಂದೇ ಜಾಗಕ್ಕೆ ಬರುವುದಿಲ್ಲ, ಮೈಯೆಲ್ಲ ಹಂಚಿಹೋಗುತ್ತದೆ ನಿಜ. ಆದರೂ ಒಂದಂಗುಲ ಫೋಮ್ ಎಲ್ಲವನ್ನೂ ನುಂಗುತ್ತದೆ ಎಂದು ನಂಬಬೇಡಿ. ಗಾರ್ಡ್ ನಿಜವಾಗಿ ಉಪಯೋಗಕ್ಕೆ ಬರುವುದು ಒಂದು ಜಾಗಕ್ಕೆ ಚುಚ್ಚಿದ ಹಾಗೆ ಬೀಳುವ ಪೆಟ್ಟಿಗೆ: ಕಲ್ಲು, ಹ್ಯಾಂಡಲ್, ಫುಟ್‌ಪೆಗ್, ಇನ್ನೊಬ್ಬನ ಚಕ್ರ. ಆ ಪೆಟ್ಟುಗಳೇ ಪಕ್ಕೆಲುಬು ಮುರಿಯುವುದು, ಎದೆ ಮೂಳೆ ಬಿರುಕು ಬಿಡಿಸುವುದು. ಹಾಗಾಗಿ ಹಾಕುವುದು ವ್ಯರ್ಥವಲ್ಲ.

*ಮಕ್ಕಳ ಎದೆ ದೊಡ್ಡವರ ಎದೆಯಲ್ಲ*

ಈ ಭಾಗವನ್ನು ತಂದೆತಾಯಿಗಳು ಎರಡು ಸಲ ಓದಬೇಕೆಂದು ನನ್ನ ವಿನಂತಿ. ದೊಡ್ಡವರ ಪಕ್ಕೆಲುಬು ಗಡಸು. ಪೆಟ್ಟು ಜೋರಾದರೆ ಮುರಿಯುತ್ತದೆ, ಎಕ್ಸ್‌ರೇಯಲ್ಲಿ ಕಾಣುತ್ತದೆ. ಮಕ್ಕಳದ್ದು ಹಸಿ ಕೊಂಬೆಯ ಹಾಗೆ ಬಾಗುತ್ತದೆ. ಬಾಗಿ, ಒಳಗಿನ ಶ್ವಾಸಕೋಶವನ್ನು ಜಜ್ಜಿ, ಮತ್ತೆ ತನ್ನ ಜಾಗಕ್ಕೆ ಬಂದುಬಿಡುತ್ತದೆ. ಮೂಳೆ ಮುರಿದಿಲ್ಲ, ಹೊರಗೆ ಗಾಯವಿಲ್ಲ, ಆದರೆ ಒಳಗೆ ಶ್ವಾಸಕೋಶದಲ್ಲಿ ರಕ್ತ ಕಂದಿರುತ್ತದೆ. "ಎಕ್ಸ್‌ರೇಯಲ್ಲಿ ಮೂಳೆ ಸರಿಯಾಗಿದೆ" ಅಂದ ಮಾತ್ರಕ್ಕೆ ಮಕ್ಕಳ ವಿಷಯದಲ್ಲಿ ನಿರಾಳವಾಗುವಂತಿಲ್ಲ.

ಇನ್ನೊಂದು ಬಹಳ ಅಪರೂಪದ ಸಂಗತಿ. ಹೃದಯದ ಮೇಲೆ, ಬಡಿತದ ಒಂದು ನಿರ್ದಿಷ್ಟ ಕ್ಷಣದಲ್ಲಿ ಪೆಟ್ಟು ಬಿದ್ದರೆ ಆರೋಗ್ಯವಾಗಿದ್ದ ಹುಡುಗನ ಹೃದಯ ಲಯ ತಪ್ಪಿ ನಿಂತುಬಿಡಬಹುದು. ಆ ಕ್ಷಣ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಮಾತ್ರ. ವೈದ್ಯರು ಇದನ್ನು ಕೊಮೋಷಿಯೋ ಕಾರ್ಡಿಸ್ ಅನ್ನುತ್ತಾರೆ. ಹೆಚ್ಚಾಗಿ ಕಂಡುಬಂದಿರುವುದು ಬೇಸ್‌ಬಾಲ್‌ನಂಥ ಆಟಗಳಲ್ಲಿ, ಹದಿಹರೆಯದ ಹುಡುಗರಲ್ಲಿ. ಎದೆಗೆ ಗಾರ್ಡ್ ಹಾಕಿದ್ದವರಲ್ಲೂ ಇದು ಆಗಿದೆ. ಅಲ್ಲಿ ಉಳಿಸುವುದು ತಕ್ಷಣದ ಸಿಪಿಆರ್ ಮತ್ತು ಎಇಡಿ ಯಂತ್ರ. ಮಗುವನ್ನು ಟ್ರ್ಯಾಕಿಗೆ ಸೇರಿಸುವ ಮೊದಲು "ಎಇಡಿ ಇದೆಯೇ, ಆಂಬುಲೆನ್ಸ್ ನಿಂತಿರುತ್ತದೆಯೇ?" ಎಂದು ಕೇಳಲು ಸಂಕೋಚಪಡಬೇಡಿ. ಶುಲ್ಕ ಕೇಳುವಾಗ ಅವರು ಸಂಕೋಚಪಡುವುದಿಲ್ಲವಲ್ಲ!

*ಗಾರ್ಡ್ ಮುಟ್ಟದ ಜಾಗಗಳು*

ಕಾಲರ್ ಬೋನ್. ಬೈಕಿನಿಂದ ಬೀಳುವಾಗ ನಾವು ಕೈಚಾಚಿ ಅಥವಾ ಭುಜದ ಮೇಲೆ ಬೀಳುತ್ತೇವೆ. ಆ ಬಲ ಭುಜದ ತುದಿಯಿಂದ ಉದ್ದಕ್ಕೆ ಹಾದುಬಂದು ಮೂಳೆಯನ್ನು ನಡುವೆ ಮುರಿಯುತ್ತದೆ. ಎದೆಯ ಮೇಲಿನ ಫೋಮ್ ಇದನ್ನು ಹೇಗೆ ತಡೆದೀತು? ಭುಜದ ಗಾರ್ಡ್ ತರಚು ಗಾಯ ತಪ್ಪಿಸುತ್ತದೆ, ಮೂಳೆಯನ್ನು ಅಷ್ಟಾಗಿ ಅಲ್ಲ. ಮಣಿಕಟ್ಟಿನದೂ ಇದೇ ಕಥೆ.

ಹೊಟ್ಟೆ ಇನ್ನೂ ಮುಖ್ಯ. ಎದೆಯ ಗಾರ್ಡ್ ಸಾಮಾನ್ಯವಾಗಿ ಪಕ್ಕೆಲುಬಿನ ಕೊನೆಗೆ ಮುಗಿಯುತ್ತದೆ. ಉದ್ದ ಮಾಡಿದರೆ ಬೈಕಿನ ಮೇಲೆ ಬಗ್ಗಲಾಗುವುದಿಲ್ಲ. ಹಾಗಾಗಿ ಹೊಟ್ಟೆ ತೆರೆದೇ ಇರುತ್ತದೆ. ಸೊಂಟಕ್ಕೆ ಕಟ್ಟುವ ಕಿಡ್ನಿ ಬೆಲ್ಟ್ ಆಸರೆಗಷ್ಟೇ, ಪೆಟ್ಟು ತಡೆಯಲು ಅಲ್ಲ.

ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಅವರ ಉದಾಹರಣೆ ಹೇಳಬಹುದು. ಅವರದು ಮೋಟೋಕ್ರಾಸ್‌ಗೆ ಹತ್ತಿರದ, ಮರುಭೂಮಿ ಮತ್ತು ಕಾಡುದಾರಿಯ ರ‍್ಯಾಲಿ. 2017ರಲ್ಲಿ ಬಿದ್ದು ಕಾಲರ್ ಬೋನ್ ಮುರಿದು ಸ್ಟೀಲ್ ಪ್ಲೇಟ್ ಹಾಕಿಸಿಕೊಂಡರು. 2018ರಲ್ಲಿ ಸ್ಪೇನಿನ ಬಾಹಾ ಅರಗಾನ್ ರ‍್ಯಾಲಿಯಲ್ಲಿ ಬಿದ್ದಾಗ ಪ್ಯಾಂಕ್ರಿಯಾಸ್, ಅಂದರೆ ಮೇದೋಜೀರಕ ಗ್ರಂಥಿಗೇ ಪೆಟ್ಟಾಯಿತು. ಚೇತರಿಸಿಕೊಂಡು 2019ರಲ್ಲಿ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಆ ಎರಡೂ ಗಾಯಗಳ ಜಾಗ ಗಮನಿಸಿ: ಒಂದು ಎದೆಯ ಗಾರ್ಡಿನ ಮೇಲ್ಗಡೆ, ಇನ್ನೊಂದು ಕೆಳಗಡೆ.

ಸಂತೋಷ್ ಅವರ ವಿಷಯವೂ ಹಾಗೇ. 2021ರ ಡಕಾರ್ ರ‍್ಯಾಲಿಯಲ್ಲಿ ಬೈಕ್ ಸವಾರರಿಗೆ ಏರ್‌ಬ್ಯಾಗ್ ಜಾಕೆಟ್ ಕಡ್ಡಾಯ ಮಾಡಿದ್ದರು. ಅದೇ ವರ್ಷ ಸೌದಿ ಅರೇಬಿಯಾದಲ್ಲಿ ಬಿದ್ದ ಅವರಿಗೆ ಪೆಟ್ಟಾದದ್ದು ತಲೆಗೆ. ಔಷಧಿ ಕೊಟ್ಟು ಕೋಮಾದಲ್ಲಿ ಇಡಬೇಕಾಯಿತು. ಪುಣ್ಯಕ್ಕೆ ಗುಣವಾದರು.

*ಸೆಕೆ, ಉಸಿರು, "ದೊಡ್ಡ ರೇಸರ್‌ಗಳೇ ಹಾಕಲ್ಲ"*

ಹುಡುಗರ ಈ ಮೂರು ವಾದಗಳಲ್ಲಿ ಮೊದಲನೆಯದರಲ್ಲಿ ಹುರುಳಿದೆ. ಮೋಟೋಕ್ರಾಸ್‌ನಲ್ಲಿ ಹೃದಯ ಬಡಿತ ನಿಮಿಷಕ್ಕೆ 180ರ ಆಸುಪಾಸಿಗೆ ಏರಿ ಅಲ್ಲೇ ನಿಲ್ಲುತ್ತದೆ, ಓಟಗಾರರ ಹಾಗೆ. ಮೇ ತಿಂಗಳ ಚೆನ್ನೈ, ಹೈದರಾಬಾದ್ ಬಿಸಿಲಿನಲ್ಲಿ ಅದರ ಮೇಲೆ ಫೋಮ್ ಹೊದ್ದರೆ ಬೆವರು ಆರುವುದಿಲ್ಲ. ಉಷ್ಣಾಘಾತ ಸುಳ್ಳಲ್ಲ. ಪರಿಹಾರ ಗಾರ್ಡ್ ಬಿಚ್ಚುವುದಲ್ಲ, ಸಮಯ ಬದಲಿಸುವುದು: ಬೆಳಗ್ಗೆ ಒಂಬತ್ತರೊಳಗೆ ಅಥವಾ ಸಂಜೆ. ತೂತುಗಳಿರುವ ಗಾರ್ಡ್ ಆರಿಸಿ. ಪ್ರತಿ ಸುತ್ತಿನ ನಡುವೆ ನೆರಳಿಗೆ ಬಂದು ಝಿಪ್ ಪೂರ್ತಿ ಬಿಚ್ಚಿ, ನೀರು, ಉಪ್ಪು ಸಕ್ಕರೆ ಹಾಕಿದ ನಿಂಬೆ ಪಾನಕ ಅಥವಾ ಓಆರ್‌ಎಸ್ ಕುಡಿಯಲಿ. ತಲೆ ಸುತ್ತು, ಮಾತು ತೊದಲು, ಬೆವರು ನಿಂತು ಮೈ ಬಿಸಿ ಕಂಡರೆ ಆ ದಿನದ ಸವಾರಿ ಮುಗಿಯಿತು. ತಣ್ಣೀರು ಸುರಿಯುತ್ತಾ ಆಸ್ಪತ್ರೆಗೆ ಹೊರಡಿ.

ಉಸಿರು ಕಟ್ಟುತ್ತದೆ ಅನ್ನುವುದು ಬಹುಪಾಲು ಅಳತೆಯ ತಪ್ಪು. ನಮ್ಮಲ್ಲಿ ಒಂದು ಅಭ್ಯಾಸ ಇದೆ, ಸ್ಕೂಲ್ ಯೂನಿಫಾರಂ ಹಾಗೆ "ಮುಂದಿನ ವರ್ಷಕ್ಕೂ ಆಗಲಿ" ಎಂದು ದೊಡ್ಡದು ಕೊಳ್ಳುವುದು. ದೊಡ್ಡ ಗಾರ್ಡ್ ಬಿದ್ದಾಗ ಮೇಲಕ್ಕೆ ಜರುಗಿ ಗಂಟಲಿಗೆ ಬಡಿಯುತ್ತದೆ, ಎದೆಯನ್ನು ಬಯಲಾಗಿ ಬಿಡುತ್ತದೆ. ಚಿಕ್ಕದು ಉಸಿರು ಹಿಡಿಯುತ್ತದೆ. ಅಂಗಡಿಯಲ್ಲಿ ನಿಂತು ನೋಡಬೇಡಿ. ಬೈಕಿನ ಮೇಲೆ ಕೂತು, ಎದ್ದು ನಿಂತು, ಮುಂದಕ್ಕೆ ಬಗ್ಗಿ, ಹೆಲ್ಮೆಟ್ ಹಾಕಿ ತಲೆ ಮೇಲೆತ್ತಿ ನೋಡಬೇಕು. ಕೆಳಗಿನ ಅಂಚು ತೊಡೆಗೆ ತಾಗಿ ಗಾರ್ಡನ್ನು ಮೇಲೆ ನೂಕಬಾರದು, ಹೆಲ್ಮೆಟ್ ಹಿಂಭಾಗ ಬೆನ್ನಿನ ಫಲಕಕ್ಕೆ ಒದೆಯಬಾರದು, ಪೂರ್ತಿ ಉಸಿರು ಎಳೆಯಲು ಆಗಬೇಕು. ಕುತ್ತಿಗೆಗೆ ಬ್ರೇಸ್ ಹಾಕುವವರಾದರೆ ಅದನ್ನೂ ಜೊತೆಗೇ ಹಾಕಿ ನೋಡಿ. ಎಷ್ಟೋ ಗಾರ್ಡ್‌ಗಳು ಬ್ರೇಸ್ ಜೊತೆ ಕೂರುವುದೇ ಇಲ್ಲ. ಹೆಣ್ಣುಮಕ್ಕಳಿಗೆ ಅವರ ಮೈಕಟ್ಟಿಗೆ ಮಾಡಿದ್ದೇ ಬೇಕು, ಅಣ್ಣನದ್ದು ಆಗುವುದಿಲ್ಲ.

ಮೂರನೆಯ ವಾದ. ಅಮೆರಿಕದ ಸೂಪರ್‌ಕ್ರಾಸ್‌ನಲ್ಲಿ ಕೆಲವು ದೊಡ್ಡ ಹೆಸರಿನವರು ಎದೆಗೆ ಏನೂ ಹಾಕದೆ ಓಡಿಸುವುದು ನಿಜ. ಕೆಲವರು ಜೆರ್ಸಿಯ ಒಳಗೆ ತೆಳುವಾದದ್ದು ಹಾಕಿರುತ್ತಾರೆ, ಹೊರಗೆ ಕಾಣುವುದಿಲ್ಲ. ಅವರಿಗೆ ಬಿದ್ದ ಕೆಲವೇ ಕ್ಷಣದಲ್ಲಿ ವೈದ್ಯರ ತಂಡ ಓಡಿ ಬರುತ್ತದೆ. ನಿಮ್ಮ ಮಗನ ಟ್ರ್ಯಾಕಿನಿಂದ ಸಿಟಿ ಸ್ಕ್ಯಾನ್ ಇರುವ ಆಸ್ಪತ್ರೆ ಎಷ್ಟು ದೂರ, ಭಾನುವಾರ ಸಂಜೆಯ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತು, ನೀವೇ ಲೆಕ್ಕ ಹಾಕಿ.

ದುಡ್ಡು ಖರ್ಚಿಲ್ಲದ ಒಂದು ಕೆಲಸವೂ ಇದೆ. ಬೈಕಿನ ಹ್ಯಾಂಡಲ್ ತುದಿ ನೋಡಿ. ರಬ್ಬರ್ ಗ್ರಿಪ್ ಸವೆದು ಒಳಗಿನ ಲೋಹದ ಕೊಳವೆಯ ಬಾಯಿ ಹೊರಬಂದಿದ್ದರೆ ಅದು ಹೊಟ್ಟೆಗೆ ಬಿಸ್ಕತ್ತು ಕತ್ತರಿಸುವ ಅಚ್ಚಿನ ಹಾಗೆ ಇಳಿಯುತ್ತದೆ. ಬಾಡಿಗೆ ಬೈಕುಗಳಲ್ಲಿ ಇದು ಸಾಮಾನ್ಯ. ಗ್ರಿಪ್ ಬದಲಿಸುವ ತನಕ ಆ ಬೈಕು ಹತ್ತಬೇಡಿ.

*ಬಿದ್ದ ಮೇಲೆ*

ಪ್ರಜ್ಞೆ ಇಲ್ಲ, ಉಸಿರಾಟ ಇಲ್ಲ ಎಂದರೆ ಗಾರ್ಡಿನ ಝಿಪ್ ಅಥವಾ ಬಕಲ್ ಬಿಚ್ಚಿ, ಬರದಿದ್ದರೆ ಕತ್ತರಿಸಿ, ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಲು ಶುರು ಮಾಡಿ. ಗಾರ್ಡಿನ ಮೇಲೇ ಒತ್ತಿದರೆ ಪ್ರಯೋಜನವಿಲ್ಲ. ಜೊತೆಯಲ್ಲಿ ಓಡಿಸುವ ಗೆಳೆಯರಿಗೆ ಪರಸ್ಪರರ ಗಾರ್ಡ್ ಹೇಗೆ ಬಿಚ್ಚುವುದೆಂದು ಮೊದಲೇ ಗೊತ್ತಿರಲಿ. ಪ್ರಜ್ಞೆ ಇದ್ದು ಕುತ್ತಿಗೆ ಅಥವಾ ಬೆನ್ನು ನೋವು ಅಂದರೆ ಎತ್ತಿ ಕೂರಿಸಬೇಡಿ, ಹೆಲ್ಮೆಟ್ ಎಳೆಯಬೇಡಿ. 112ಕ್ಕೆ ಫೋನ್ ಮಾಡಿ. ಕರ್ನಾಟಕ, ಮಹಾರಾಷ್ಟ್ರ, ತಮಿಳುನಾಡು, ತೆಲಂಗಾಣದಲ್ಲಿ 108 ಕೂಡ ಇದೆ.

ಇವು ಕಣ್ಣಿಗೆ ಕಾಣುವ ಅಪಾಯಗಳು. ಮೋಸ ಮಾಡುವುದು ಬಿದ್ದು, ಎದ್ದು, ಮಣ್ಣು ಕೊಡವಿಕೊಂಡು "ಏನಿಲ್ಲ ಅಪ್ಪಾ" ಅನ್ನುವ ಹುಡುಗ. ಹ್ಯಾಂಡಲ್ ಹೊಟ್ಟೆಗೆ ಗುದ್ದಿದಾಗ ಹಿಂದೆ ಬೆನ್ನುಮೂಳೆ, ಮುಂದೆ ಹ್ಯಾಂಡಲ್. ನಡುವೆ ಸಿಕ್ಕಿಕೊಳ್ಳುವುದು ಪ್ಯಾಂಕ್ರಿಯಾಸ್ ಮತ್ತು ಸಣ್ಣ ಕರುಳಿನ ಮೊದಲ ಭಾಗ. ಹೊರಗೆ ನಾಣ್ಯದಷ್ಟು ಕೆಂಪು ಗುರುತು ಇರಬಹುದು, ಅಷ್ಟೇ. ನೋವು, ವಾಂತಿ, ಜ್ವರ ಮರುದಿನ ಬರಬಹುದು. ಎಡಗಡೆ ಪಕ್ಕೆಲುಬಿನ ಕೆಳಗೆ ಗುಲ್ಮ ಇದೆ, ಡಾಕ್ಟರು ಸ್ಪ್ಲೀನ್ ಅನ್ನುವುದು. ಅದು ಸೀಳಿದರೆ ರಕ್ತ ಹೊಟ್ಟೆಯೊಳಗೇ ನಿಧಾನವಾಗಿ ತುಂಬುತ್ತದೆ. ವಿಚಿತ್ರವೆಂದರೆ ನೋವು ಎಡಭುಜದ ತುದಿಯಲ್ಲಿ ಕಾಣಿಸಬಹುದು, ಮಲಗಿದಾಗ ಹೆಚ್ಚು. ಭುಜಕ್ಕೆ ಪೆಟ್ಟೇ ಬಿದ್ದಿಲ್ಲ, ಆದರೆ ಎಡಭುಜ ನೋಯುತ್ತಿದೆ ಎಂದರೆ ಮೂವ್ ಹಚ್ಚುತ್ತಾ ಕೂರಬೇಡಿ. ಬಲಭುಜವಾದರೆ ಲಿವರ್ ಕಡೆ ಅನುಮಾನ.

ಇವುಗಳಲ್ಲಿ ಯಾವುದೊಂದು ಕಂಡರೂ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೋಗಿ: ಹೊಟ್ಟೆ ಗಟ್ಟಿಯಾಗುವುದು, ಮತ್ತೆ ಮತ್ತೆ ವಾಂತಿ, ಉಸಿರೆಳೆದಾಗ ಚುಚ್ಚು ನೋವು, ಏದುಸಿರು, ಕೆಮ್ಮಿದರೆ ಅಥವಾ ಮೂತ್ರದಲ್ಲಿ ರಕ್ತ, ಮುಖ ಬಿಳಿಚಿ ತಣ್ಣನೆ ಬೆವರು, ಎದ್ದು ನಿಂತರೆ ಕಣ್ಣು ಕತ್ತಲೆ. ಹ್ಯಾಂಡಲ್ ಹೊಟ್ಟೆಗೆ ಗುದ್ದಿದ್ದು ಖಚಿತವಿದ್ದರೆ ಏನೂ ಕಾಣದಿದ್ದರೂ ಹೋಗಿ. ಡಾಕ್ಟರು ನೋಡುವ ಮೊದಲು ಮನೆಯಲ್ಲಿರುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಕೊಟ್ಟು ಮಲಗಿಸಬೇಡಿ. ಏನೂ ತಿನ್ನಿಸಲೂಬೇಡಿ, ಆಪರೇಷನ್ ಬೇಕಾಗಬಹುದು. ಮೊದಲ ಸ್ಕ್ಯಾನ್ ಸರಿಯಿದ್ದರೂ ಒಂದು ದಿನ ಇಟ್ಟುಕೊಳ್ಳುತ್ತೇವೆ ಎಂದರೆ ಬಿಲ್ ಮಾಡಲು ಅಂತ ಅನುಮಾನಿಸಬೇಡಿ. ಪ್ಯಾಂಕ್ರಿಯಾಸ್ ಗಾಯ ಮೊದಲ ಗಂಟೆಗಳಲ್ಲಿ ತಪ್ಪಿಸಿಕೊಳ್ಳುವುದುಂಟು. ಬೇಗ ಬಂದ ಮಕ್ಕಳಲ್ಲಿ ಗುಲ್ಮದ ಗಾಯ ಹೆಚ್ಚಾಗಿ ಆಪರೇಷನ್ ಇಲ್ಲದೆಯೇ, ಬರೀ ವಿಶ್ರಾಂತಿ ಮತ್ತು ನಿಗಾದಲ್ಲಿ ಗುಣವಾಗುತ್ತದೆ.

ಊರಿಂದ ದೂರ ಇರುವ ನಮ್ಮಂಥವರಿಗೆ ಇನ್ನೆರಡು ಮಾತು. ರಜೆಗೆ ಕೋಲಾರದ ಕಡೆ ಹೋಗಿ ಬಿದ್ದು, ಎದೆಗೆ ಪೆಟ್ಟಾಗಿ, ಸಂಜೆಯ ವಿಮಾನದಲ್ಲಿ ಮುಂಬೈಗೋ ದೆಹಲಿಗೋ ವಾಪಸ್ಸು ಹೊರಡಬೇಡಿ. ಶ್ವಾಸಕೋಶದಿಂದ ಗಾಳಿ ಸೋರಿ ಎದೆಯೊಳಗೆ ಸಿಕ್ಕಿಕೊಂಡಿದ್ದರೆ ವಿಮಾನ ಮೇಲೇರಿದಾಗ ಆ ಗಾಳಿ ಹಿಗ್ಗುತ್ತದೆ, ಉಸಿರಾಟ ಕೆಡುತ್ತದೆ. ಮೊದಲು ಅಲ್ಲೇ ಎಕ್ಸ್‌ರೇ ಆಗಲಿ.

ಎರಡನೆಯದು ಭಾಷೆ. ಕ್ಯಾಶುವಾಲ್ಟಿಯಲ್ಲಿ ಗಾಬರಿಯಲ್ಲಿ ಮರಾಠಿ, ತಮಿಳು, ತೆಲುಗು ಬಾಯಿಗೆ ಬರುವುದಿಲ್ಲ, "ಬೈಕಿಂದ ಬಿದ್ದ" ಅಂದುಬಿಡುತ್ತೇವೆ. ಆಗ ಅವರು ಕೈಕಾಲು ನೋಡುತ್ತಾರೆ, ತಲೆ ನೋಡುತ್ತಾರೆ. ಹ್ಯಾಂಡಲ್ ಅನ್ನುವ ಪದ ಎಲ್ಲ ಭಾಷೆಯಲ್ಲೂ ಹ್ಯಾಂಡಲ್ಲೇ. ಗುದ್ದಿದ ಜಾಗದ ಮೇಲೆ ಬೆರಳಿಟ್ಟು ತೋರಿಸಿ, "ಹ್ಯಾಂಡಲ್ ಇಲ್ಲಿ ಗುದ್ದಿತು, ಇಷ್ಟು ಗಂಟೆಗೆ" ಎಂದು ಮೊದಲ ಮಾತಿಗೇ ಹೇಳಿ. ಹಾಕಿದ್ದ ಗಾರ್ಡನ್ನೂ ಜೊತೆಗೆ ಒಯ್ಯಿರಿ. ಅದು ಎಲ್ಲಿ ಬಿರುಕು ಬಿಟ್ಟಿದೆ, ಎಲ್ಲಿ ಒತ್ತಿದೆ ಎಂದು ನೋಡಿದರೆ ಡಾಕ್ಟರಿಗೆ ಪೆಟ್ಟು ಬಂದ ದಿಕ್ಕು ತಿಳಿಯುತ್ತದೆ. ಆಮೇಲೆ ಆ ಗಾರ್ಡನ್ನು ಎಸೆದುಬಿಡಿ. ತಮ್ಮನಿಗೆ ಅಂತ ಎತ್ತಿಡಬೇಡಿ.